ನೀರುಗಂಟಿಯ ಮಗನ ಕ್ಲಬ್ಬು

ಮಳೆ ಬರಲಿ ಎಂದು ಊರೆಲ್ಲ ಬೇಡಿಕೊಳ್ಳುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಎರಡು ಹರಕೆ ನಡೆಯುತ್ತಿದ್ದವು. ಅಪ್ಪನದು ಕೆರೆ ತುಂಬಲಿ ಎಂದು, ಅಣ್ಣನದು ತುಂಬದಿರಲಿ ಎಂದು. ಇಬ್ಬರೂ ಕೈಮುಗಿಯುತ್ತಿದ್ದದ್ದು ಒಬ್ಬಳೇ ಗಂಗಮ್ಮನಿಗೆ. ಆ ತಾಯಿ ತಲೆಕೆಡಿಸಿಕೊಳ್ಳದೆ ಹೇಗಿದ್ದಳೋ ನಾನು ಕಾಣೆ.

ಅಪ್ಪ ಯಲ್ಲಯ್ಯ ಹುಣಸೇಪಾಳ್ಯದ ನೀರುಗಂಟಿ. ಮಡಿವಾಳ ದಾಟಿ ಬೇಗೂರಿನ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ನಮ್ಮ ಪಾಳ್ಯ ಸಿಗುತ್ತಿತ್ತು. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವುದು ನಮ್ಮ ಮನೆತನದ ಕೆಲಸ. ಅದಕ್ಕೊಂದು ಕ್ರಮವಿತ್ತು. ಏರಿಯ ಮೇಲೆ ನಿಂತು ಗದ್ದೆಗಳ ಕಡೆ ಮುಖ ಮಾಡಿ ಅಪ್ಪ ಕೂಗಬೇಕು, "ನೀರು ಬಿಡ್ಲಾ?" ಕೆಳಗಿನಿಂದ ಯಾರಾದರೂ "ಬಿಡು" ಎಂದರೆ ಮಾತ್ರ ನೀರಿಗಿಳಿದು ತೂಬಿನ ಬಿರಡೆ ಕೀಳಬೇಕು. ಮುಚ್ಚುವಾಗಲೂ "ಮುಚ್ಲಾ?" ಎಂದು ಕೇಳಿಯೇ ಮುಚ್ಚಬೇಕು. ಕೇಳದೆ ತೂಬು ಮುಟ್ಟಿದವನ ಮನೆಯಲ್ಲಿ ದೀಪ ಉರಿಯುವುದಿಲ್ಲ ಎಂದು ನಮ್ಮಜ್ಜ ಹೇಳಿದ್ದನಂತೆ.

ಅಣ್ಣ ದೇವದಾಸ್ ಹುಣಸೇಪಾಳ್ಯ ಯೂನಿಯನ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಕ್ಯಾಪ್ಟನ್. ಸಂಕ್ರಾಂತಿ ಕಳೆಯುತ್ತಿದ್ದಂತೆ ಕೆರೆಯ ಮೇಲ್ತುದಿ ಒಣಗುತ್ತಿತ್ತು. ಆ ಕೆರೆಯಂಗಳವೇ ಅವರ ಗ್ರೌಂಡು. ಅವರು ಆಡಿ ಬಂದ ಮೇಲೆ ಅಷ್ಟೂ ಬನಿಯನ್ನುಗಳ ಕೆಸರು ಒಗೆಯುವುದು ನನ್ನ ಪಾಲಿಗೆ. ಗೋಲು ಹೊಡೆದವನಿಗೆ ಹಾರ, ಒಗೆದವಳಿಗೆ ಸೊಂಟನೋವು. ಆ ಚೆಂಡನ್ನು ಒಲೆಗೆ ಹಾಕಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಇದ್ದದ್ದು ಹೇಳಬೇಕು. ಊರಿನ ಗೌಡರ ಹುಡುಗರೂ ನಮ್ಮ ಕೇರಿಯ ಹುಡುಗರೂ ಒಂದೇ ಕೊಡದ ನೀರು ಕುಡಿದದ್ದನ್ನು ನಾನು ಕಂಡದ್ದು ಆ ಕ್ಲಬ್ಬಿನಲ್ಲಿ ಮಾತ್ರ. ಪಟ್ಟಣದ ಫುಟ್‌ಬಾಲ್ ಲೀಗಿನಲ್ಲಿ ಚೆನ್ನಾಗಿ ಆಡಿದವರನ್ನು ಕಾರ್ಖಾನೆಯವರು ಕೆಲಸಕ್ಕೆ ಕರೆಯುತ್ತಿದ್ದರು. ನಮ್ಮವರೇ ಇಬ್ಬರು ಹಾಗೆ ಕಾರ್ಖಾನೆ ಬಸ್ಸು ಹತ್ತಿದ್ದರು. ಗದ್ದೆಗಳೆಲ್ಲ ಸೈಟುಗಳಾಗಿ ಹೋದ ಮೇಲೆ ಅಣ್ಣನಿಗೆ ಉಳಿದಿದ್ದ ದಾರಿ ಅದೊಂದೇ.

ಆ ಲೀಗೋ, ಅದೇ ಏದುಸಿರು ಬಿಡುತ್ತಿತ್ತು. ಕೆಳಗಿನ ಡಿವಿಜನ್ನಿನ ತಂಡಗಳು ಒಂದೊಂದಾಗಿ ಕಳಚಿಕೊಂಡಿದ್ದವು. ಪಟ್ಟಣದ ಮೈದಾನಕ್ಕೆ ಬಾಡಿಗೆ ಕಟ್ಟಲಾರದೆ, ನಿಮ್ಮ ನಿಮ್ಮ ಗ್ರೌಂಡಿನಲ್ಲೇ ಆಡಿಕೊಳ್ಳಿ ಎಂದು ಕಮಿಟಿಯವರು ಹೇಳಿಬಿಟ್ಟಿದ್ದರು. ಎಂಬತ್ತೊಂದರಲ್ಲಿ ಮ್ಯಾಚುಗಳು ಮುಂದೆ ಮುಂದೆ ಹೋಗಿ ಗೌರಿಹಬ್ಬದ ಹೊತ್ತಿಗೆ ಬಂದು ನಿಂತವು. ನಮ್ಮವರು ಆಗಲೇ ಒಂದು ಮ್ಯಾಚು ಆಡದೆ ಕಳೆದುಕೊಂಡಿದ್ದರು. ಇನ್ನೊಂದು ಹಾಗಾದರೆ ಕ್ಲಬ್ಬನ್ನೇ ಲೀಗಿನಿಂದ ತೆಗೆದುಹಾಕುತ್ತೇವೆ ಎಂದು ಹೇಳಿ ಕಳಿಸಿದ್ದರು. ಭಾನುವಾರ ಮ್ಯಾಚು. ಅದರ ಹಿಂದಿನ ವಾರವೇ ಮಳೆ ಹುಯ್ದು ಗ್ರೌಂಡಿನಲ್ಲಿ ಮೊಣಕಾಲುದ್ದ ನೀರು ನಿಂತಿತು.

ಕ್ಲಬ್ಬಿನ ಪ್ರೆಸಿಡೆಂಟ್ ಬೈರಣ್ಣ ನಮ್ಮ ಕೇರಿಗೆ ಬಂದು ಜಗಲಿಯ ಮೇಲೆ ಕೂತ. ಕೆರೆಯ ಕೆಳಗೆ ಎಲ್ಲರಿಗಿಂತ ಹೆಚ್ಚು ಗದ್ದೆ ಇದ್ದವನು ಅವನು. ಅದೆಲ್ಲ ಲೇಔಟಿಗೆ ಹೋಗಿ, ಬಂದ ದುಡ್ಡಿನಲ್ಲಿ ಸಾಲಾಗಿ ಬಾಡಿಗೆ ಮನೆ ಕಟ್ಟಿಸುತ್ತಿದ್ದ.

"ತೂಬು ತೆಗಿ ಯಲ್ಲಯ್ಯ. ಭಾನುವಾರದೊಳಗೆ ಅಂಗಳ ಬಿಡ್ತದೆ. ಹುಡುಗ್ರು ಆಡ್ಲಿ" ಎಂದ.

"ಕೇಳ್ದೆ ಹೆಂಗ್ ತೆಗೀಲಿ ಗೌಡ್ರೆ? ನೀರು ಗದ್ದೇದು" ಎಂದ ಅಪ್ಪ.

"ಗದ್ದೆ ಎಲ್ಲೈತಯ್ಯ? ನಂದೂ ಹೋಯ್ತು, ಎಲ್ಲಾರ್ದೂ ಹೋಯ್ತು. ಸೈಟಿನ ಕಲ್ಲು ನೆಟ್ಟವ್ರೆ. ಕಲ್ಲನ್ನ ಕೇಳ್ತೀಯಾ?"

ಅಪ್ಪ ಎಲೆ ಅಡಿಕೆ ಬಾಯಿಗಿಟ್ಟುಕೊಂಡ. ಬಾಗಿಲಿಗೆ ಒರಗಿ ನಿಂತಿದ್ದ ಅಣ್ಣ, "ಅಪ್ಪಾ, ಇದೊಂದ್ ಸಲ" ಎಂದ. ಅಷ್ಟೇ. ಅವನು ಅಪ್ಪನನ್ನು ಏನಾದರೂ ಬೇಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆ ಗಂಟು ಹೊತ್ತು ನಾನು ಕೆರೆಗೆ ಹೋದಾಗ ಅಪ್ಪ ಏರಿಯ ಮೇಲೆ ನಿಂತಿದ್ದ. ಕೆಳಗೆ ಗರಿಕೆ, ಬಿಳಿ ಬಳಿದ ಕಲ್ಲುಗಳು, ಯಾರದೋ ಎರಡು ಎಮ್ಮೆ. "ನೀರು ಬಿಡ್ಲಾ?" ಎಂದು ಕೂಗಿದ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದ. ಯಾರೂ ಇಲ್ಲದ ಕಡೆ ಅವನು ಹಾಗೆ ಕೂಗುವುದನ್ನು ಕೇಳಿ ನಾನು ಬಟ್ಟೆ ಗಂಟು ಕೆಳಗಿಟ್ಟೆ. ಅಪ್ಪ ಏರಿಯಿಂದ ಇಳಿದು ಮನೆಯ ಕಡೆ ತಿರುಗಿದ. ಸದ್ಯ, ಬದುಕಿದೆವು ಎಂದುಕೊಂಡೆ. ಅಷ್ಟರಲ್ಲಿ ನನ್ನ ಹಿಂದೆಯೇ ಬಂದಿದ್ದ ಅಣ್ಣ ಕೂಗಿದ.

"ಬಿಡಪ್ಪಾ!"

ನೀರು ಬೇಕಾದವರು ಕೊಡಬೇಕಾದ ಉತ್ತರವನ್ನು ನೀರು ಬೇಡವಾದವನು ಕೊಟ್ಟಿದ್ದ. ಅಪ್ಪ ಅವನ ಮುಖವನ್ನೇ ನೋಡಿದ. ಹೇಗಾದರಾಗಲಿ, ಉತ್ತರ ಬಂದಿತ್ತಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದ.

ಭಾನುವಾರ ಆಟ ನಡೆಯಿತು. ಆಟವೆಂದರೆ ಆಟವೇ ಅದು? ಇಪ್ಪತ್ತೆರಡು ಎಮ್ಮೆಗಳು ಕೆಸರಿನಲ್ಲಿ ಹೊರಳಾಡಿದಂತಿತ್ತು. ಕೊನೆಗೆ ಅಣ್ಣ ಹೊಡೆದ ಒಂದು ಗೋಲಿನಿಂದ ಪಂದ್ಯ ಸಮವಾಯಿತು, ಕ್ಲಬ್ಬು ಉಳಿಯಿತು. ಬೈರಣ್ಣ ಎಲ್ಲರಿಗೂ ಬೋಂಡ ತರಿಸಿದ. ಏರಿಯ ಮೇಲೆ ಕೂತು ಅಪ್ಪನೂ ನೋಡಿದ. ಮಗ ಆಡುವುದನ್ನು ಅವನು ನೋಡಿದ್ದು ಅದೇ ಮೊದಲು, ಮುಖ ಅರಳಿತ್ತು. ಸುಳ್ಳೇಕೆ, ನನಗೂ ಖುಷಿಯಾಗಿತ್ತು.

ಉಳಿದ ಆಟಗಾರರೆಲ್ಲ ಹೋದ ಮೇಲೆ ಅಪ್ಪ ಅಣ್ಣನನ್ನು ಕೇಳಿದ, "ಮುಚ್ಲಾ?"

"ಇರ್ಲಿ ಬಿಡಪ್ಪ. ಕೆರೆ ತುಂಬಿದ್ರೆ ಇನ್ನೊಂದ್ ಮ್ಯಾಚ್ ಎಲ್ಲಾಡೋದು? ಈಗ ಯಾರ್ಗೆ ಬೇಕು ನೀರು?"

"ನಂಗ್ ಬೇಕು" ಎಂದೆ ನಾನು. "ನಿಮ್ ಬನಿಯನ್ನೆಲ್ಲಾ ಎಲ್ಲಿ ಒಗೀಲಿ?"

"ನಲ್ಲಿ ಬರ್ತದಂತೆ ಸುಮ್ನಿರೇ ಅಣ್ಣಮ್ಮ" ಎಂದು ಅಣ್ಣ ನಕ್ಕ.

ಒಗೆಯುವವಳ ಮಾತು ಯಾರು ಕೇಳುತ್ತಾರೆ? ತೂಬು ತೆರೆದೇ ಉಳಿಯಿತು. ಬಂದ ನೀರು ಬಂದಂತೆ ಹರಿದುಹೋಯಿತು. ಒಂದು ವರ್ಷದಲ್ಲಿ ಕೆರೆಯೆಲ್ಲ ಬಯಲಾಯಿತು, ಹುಡುಗರಿಗೆ ವರ್ಷವಿಡೀ ಗ್ರೌಂಡು ಸಿಕ್ಕಿತು. ಕೊಕ್ಕರೆಗಳು ಬರುವುದು ನಿಂತವು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಏರಿಯ ಮೇಲೆ ಹೋಗಿ ಕೂತು ಬರುತ್ತಿದ್ದ. ಅಲ್ಲೇನು ಮಾಡ್ತೀಯಪ್ಪ ಎಂದರೆ, ಏನಿಲ್ಲ ಅನ್ನುತ್ತಿದ್ದ.

ಎಂಬತ್ತಮೂರರ ಬೇಸಿಗೆಯಲ್ಲಿ ಸರ್ವೆಯವರು ಬಂದರು. ಅಣ್ಣ ಹುಡುಗರನ್ನು ಕಟ್ಟಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದ. ನಾನು ಅಪ್ಪನಿಗೆ ಮುದ್ದೆ ತೆಗೆದುಕೊಂಡು ಹೋಗಿದ್ದೆ. ಅವರಲ್ಲಿ ದೊಡ್ಡವನೊಬ್ಬ ನಕ್ಷೆ ಬಿಚ್ಚಿ ಕೇಳಿದ, "ಇಲ್ಲಿ ಕೆರೆ ಅಂತಿದೆ. ನೀರು ನಿಲ್ಲುತ್ತೇನ್ರಿ?"

ಕೆರೆ ಎಂದರೆ ಎಲ್ಲಿ ತೂಬು ಮುಚ್ಚಿಸಿ ಗ್ರೌಂಡು ಕಿತ್ತುಕೊಳ್ಳುತ್ತಾರೋ ಎಂಬ ಭಯ ಅಣ್ಣನಿಗೆ. ಓಡಿಬಂದು ಹೇಳಿದ, "ಇಲ್ಲ ಸಾರ್, ಇದು ಕೆರೆ ಅಲ್ಲ. ನಮ್ ಕ್ಲಬ್ ಗ್ರೌಂಡು. ನೀರೇ ನಿಲ್ಲಲ್ಲ ಸಾರ್ ಇಲ್ಲಿ."

ನಕ್ಷೆಯವನು ಅಪ್ಪನ ಕಡೆ ತಿರುಗಿದ. "ಹೌದೇನಯ್ಯ, ಹಿರೀಕ?"

ತೂಬು ಮುಚ್ಚಿದರೆ ಒಂದೇ ಮಳೆಗಾಲಕ್ಕೆ ತುಂಬುತ್ತದೆ ಎಂದು ಹೇಳಬಹುದಾದವನು ಅಲ್ಲಿ ಅಪ್ಪನೊಬ್ಬನೇ. ಹೇಳಪ್ಪ, ಹೇಳು ಎಂದು ನಾನು ಮನಸ್ಸಿನಲ್ಲೇ ಒದ್ದಾಡಿದೆ. ಅಪ್ಪ ಮಗನ ಕಡೆ ನೋಡಿದ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಅವನು ನಿಂತಿದ್ದ.

"ಹೌದು ಸಾಮಿ. ನೀರು ನಿಲ್ಲಲ್ಲ."

"ಒಳ್ಳೇದಾಯ್ತು ಬಿಡಿ" ಎಂದ ಆತ, ನಕ್ಷೆ ಮಡಿಸುತ್ತ. "ನೀರಿರೋ ಕೆರೆಯಾಗಿದ್ರೆ ನಾವು ಮುಟ್ಟೋಹಾಗಿರ್ಲಿಲ್ಲ. ಇಲ್ಲೂ ಸೈಟ್ ಮಾಡಬಹುದು."

ಅಣ್ಣನ ಕಂಕುಳಿಂದ ಚೆಂಡು ಜಾರಿ ಬಿತ್ತು. ಗ್ರೌಂಡಿದೆ ಸಾರ್, ಲೀಗಿದೆ ಸಾರ್, ಮ್ಯಾಚಿದೆ ಸಾರ್ ಎಂದು ಜೀಪಿನ ತನಕ ಅವರ ಹಿಂದೆ ಹೋದ. ಬೈರಣ್ಣನ ಬಳಿಗೂ ಓಡಿದ. ಬೈರಣ್ಣ ಅಷ್ಟರಲ್ಲಿ ಇಟ್ಟಿಗೆ ವ್ಯಾಪಾರಕ್ಕೆ ಇಳಿದಿದ್ದ. "ನಾವೇನ್ ಮಾಡಕ್ಕಾಗ್ತದಯ್ಯ" ಎಂದು ಕಾಫಿ ಕುಡಿಸಿ ಕಳಿಸಿದ.

ಮಳೆಗಾಲಕ್ಕೆ ಮೊದಲೇ ಮೇಲಿನಿಂದ ನೀರು ಬರುವ ಕಾಲುವೆಗೆ ಮಣ್ಣು ತುಂಬಿದರು. ಗ್ರೌಂಡಿನ ಉದ್ದಗಲಕ್ಕೂ ಕಲ್ಲು ನೆಟ್ಟರು. ಮುಂದಿನ ಮ್ಯಾಚಿಗೆ ಯಶವಂತಪುರದ ಕಡೆಯ ತಂಡವೊಂದು ಎರಡು ಬಸ್ಸು ಬದಲಾಯಿಸಿ ಬಂದಿತ್ತು. ರೆಫರಿ ಕಲ್ಲುಗಳ ನಡುವೆ ಓಡಾಡಿ ನೋಡಿ, ಇಲ್ಲಿ ಆಡಿಸಲಾಗುವುದಿಲ್ಲ ಎಂದ. ಬಂದವರಿಗೆ ಆಡದೆಯೇ ಗೆಲುವು ಕೊಟ್ಟ.

"ನಮ್ ಕ್ಲಬ್ ಗತಿ ಏನ್ ಸಾರ್?" ಎಂದು ಅಣ್ಣ ಕೇಳಿದ.

"ಕಮಿಟಿಗೆ ಹೇಳ್ತೀನಪ್ಪ. ಮುಂದಿನ್ ವರ್ಷ ಲೀಗ್ ನಡೆಯುತ್ತೋ ಇಲ್ವೋ, ನಮಗೇ ಗೊತ್ತಿಲ್ಲ" ಎಂದ ರೆಫರಿ. ಪಾಪ, ಅವನ ಶೂ ಕೂಡ ಬಾಯಿ ಬಿಟ್ಟಿತ್ತು.

ಎಲ್ಲರೂ ಹೋದರು. ನಮ್ಮ ಹುಡುಗರು ಬನಿಯನ್ನುಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಒಬ್ಬೊಬ್ಬರೇ ಮನೆಯ ದಾರಿ ಹಿಡಿದರು. ಅವಕ್ಕೆ ಒಂದು ಹನಿ ಕೆಸರೂ ತಾಗಿರಲಿಲ್ಲ. ಅಣ್ಣ ಒಂದು ಸೈಟಿನ ಕಲ್ಲಿನ ಮೇಲೆ ಕೂತ.

ಅಪ್ಪ ಏರಿ ಹತ್ತಿದ. ಗದ್ದೆಗಳಿದ್ದ ಕಡೆ ಈಗ ಮನೆಗಳೆದ್ದಿದ್ದವು. ಅಪ್ಪ ಅವಕ್ಕೆ ಬೆನ್ನು ಹಾಕಿ, ಕೆರೆಯ ಕಡೆ ತಿರುಗಿ, ಮಗ ಕೂತಿದ್ದಲ್ಲಿಗೆ ಕೂಗಿದ.

"ಮುಚ್ಲಾ?"

ಅಣ್ಣ ತಲೆಯೆತ್ತಲಿಲ್ಲ. ಅಪ್ಪ ಇನ್ನೊಮ್ಮೆ ಕೂಗಿದ. ಆಗ ಅಣ್ಣ ಎದ್ದು ನಿಂತು, ಎರಡೂ ಕೈ ಬಾಯಿಗಿಟ್ಟು ಗಂಟಲು ಹರಿಯುವಂತೆ ಕೂಗಿದ, "ಮುಚ್ಚಪ್ಪಾ! ಮುಚ್ಚು!"

ಅಪ್ಪ ಪಂಚೆ ಎತ್ತಿ ಕಟ್ಟಿದ. ಒಣಗಿದ ಮಣ್ಣಿನಲ್ಲಿ ನಡೆದು ಹೋಗಿ ತೂಬಿಗೆ ಬಿರಡೆ ಜಡಿದ.