ಎಡಗೈಯ ಕಿರುಬೆರಳು

ನಾನು ಶಾಲೆಯಲ್ಲಿ ವೇಳಾಪಟ್ಟಿ ಹಾಕುವವಳು. ನಲವತ್ತು ಮೇಷ್ಟ್ರುಗಳನ್ನು ಹದ್ದುಬಸ್ತಿನಲ್ಲಿ ಇಟ್ಟವಳಿಗೆ ಅಪ್ಪ ಅಮ್ಮ ಇಬ್ಬರನ್ನು ಒಂದು ದಿನ ಮಹಾನಗರ ಸುತ್ತಿಸುವುದು ಯಾವ ಲೆಕ್ಕ? ಬೆಳಿಗ್ಗೆ ಎಂಟಕ್ಕೆ ಗಡಿಯಾರದ ಗೋಪುರ, ಒಂಬತ್ತೂವರೆಗೆ ನದಿಯ ಸೇತುವೆ, ಹನ್ನೊಂದಕ್ಕೆ ಕಲಾ ಸಂಗ್ರಹಾಲಯ, ಆಮೇಲೆ ಇನ್ನೂ ಮೂರು ಜಾಗ. ಸಂಗ್ರಹಾಲಯಕ್ಕೆ ನಲವತ್ತು ನಿಮಿಷ ಕೊಟ್ಟಿದ್ದೆ. ಅಮ್ಮ ಮಾತ್ರ ಸೇತುವೆ ದಾಟುವಾಗಲೇ ಕಾಲುನೋವು ಅಂತ ರಾಗ ಎಳೆಯಲು ಶುರು ಮಾಡಿದ್ದಳು.

ಮೂರನೆಯ ಕೋಣೆಯಲ್ಲಿ ಅಪ್ಪ ಗಕ್ಕನೆ ನಿಂತ. ಗೋಡೆಯ ತುಂಬ ಹತ್ತಡಿ ಎತ್ತರದ ಹಳೆಯ ಸಿನಿಮಾ ಬೋರ್ಡು. ಅದರಲ್ಲಿ ಒಬ್ಬ ಹೆಂಗಸು ಎಡಗೈಯನ್ನು ಹಣೆಗೆ ಅಡ್ಡ ಹಿಡಿದು ದೂರಕ್ಕೆ ನೋಡುತ್ತಿದ್ದಾಳೆ. ಪಕ್ಕದ ಚೀಟಿಯಲ್ಲಿ 'ಕಲಾವಿದರು ಯಾರೆಂದು ತಿಳಿದಿಲ್ಲ' ಎಂದಿತ್ತು.

"ತಿಳಿದಿಲ್ವಂತೆ! ಅಡಿಯಿಂದ ಮುಡಿಯವರೆಗೆ ನಂದೇ ಇದು," ಎಂದ ಅಪ್ಪ ನೆಟ್ಟಗೆ ಹೋಗಿ ಬೋರ್ಡಿನ ಮೇಲೆ ಬೆರಳಿಟ್ಟ.

ಕಾವಲುಗಾರ ಓಡಿಬಂದ. "ಯಜಮಾನ್ರೇ, ಮುಟ್ಟಬಾರ್ದು!"

"ನಾನು ಬರೆದಿದ್ದನ್ನ ನಾನೇ ಮುಟ್ಟಬಾರ್ದೇನಪ್ಪಾ?"

ಮಾತಿಗೆ ಮಾತು ಬೆಳೆದು ಸಂಗ್ರಹಾಲಯದ ಅಧಿಕಾರಿಯೇ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನಾನು ಎಳೆಎಳೆಯಾಗಿ ಹೇಳಿದೆ. ಅಪ್ಪ ಮೂವತ್ತು ವರ್ಷ ನಮ್ಮೂರಿನ ಶೆಡ್ಡಿನಲ್ಲಿ ಇಂಥ ಬೋರ್ಡು ಬರೆದು ಲಾರಿಯಲ್ಲಿ ಇದೇ ನಗರಕ್ಕೆ ಕಳಿಸಿದವನು. ಸಿನಿಮಾ ಇಳಿದ ಕೂಡಲೇ ಅದಕ್ಕೆ ಬಿಳಿ ಬಳಿದು ಹೊಸದನ್ನು ಬರೆಯುವ ಕಸುಬು ಅದು. ಹಾಗಾಗಿ ಅವನ ಕೆಲಸ ಒಂದೂ ಉಳಿದಿಲ್ಲ ಎಂದೇ ತಿಳಿದಿದ್ದೆವು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವನದೊಂದು ಚಿತ್ರ ಕಣ್ಣೆದುರು ಸಿಕ್ಕಿರುವಾಗ, ಅವನ ಹೆಸರು ಹಾಕಿಸದೆ ಹೊರಡುವ ಜಾಯಮಾನ ನನ್ನದಲ್ಲ.

"ನಾಲ್ಕು ಜನ ಹೀಗೇ ಹೇಳ್ಕೊಂಡು ಬಂದಿದ್ರು," ಎಂದರು ಅಧಿಕಾರಿ ಮೆತ್ತಗೆ. "ಸಹಿ ಇಲ್ಲ. ಬೇರೆ ಏನಾದ್ರೂ ಗುರುತು ಹೇಳ್ತೀರಾ?"

ಅಪ್ಪ ಬೋರ್ಡಿನ ಹೆಂಗಸಿನ ಕೈಯತ್ತ ನೋಡಿದ. ಬೆಂಚಿನ ಮೇಲಿದ್ದ ಅಮ್ಮ, "ಬಿಡ್ರೀ, ಹೋಗೋಣ," ಎನ್ನುತ್ತ ಎಡಗೈಯನ್ನು ಚೀಲದ ಕೆಳಗೆ ಸರಿಸಿದಳು. ಕಾಲುನೋವಿಗೆ ಕೈ ಯಾಕೆ ಬಚ್ಚಿಡಬೇಕು?

 ಅಪ್ಪ ಅವಳ ಹತ್ತಿರ ಹೋಗಿ, "ಸುಮ್ನಿರೇ," ಎಂದು ಆ ಕೈಯನ್ನು ಹೊರಗೆಳೆದು ಎತ್ತಿ ಹಿಡಿದ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿದ ಅಮ್ಮನ ಕಿರುಬೆರಳು ಇವತ್ತಿಗೂ ಹೊರಕ್ಕೆ ಸೊಟ್ಟ. ಬೋರ್ಡಿನ ಹೆಂಗಸಿನ ಕಿರುಬೆರಳೂ ಅಷ್ಟೇ ಸೊಟ್ಟ.

"ಮುಖ ನಂದು. ಕೈ ಇವಳದು," ಎಂದ ಅಪ್ಪ. "ನಾನು ಬರೆದ್ರೆ ಬೆರಳೆಲ್ಲ ಬೆಂಡೆಕಾಯಿ ಆಗ್ತಿತ್ತು. ಎಲ್ಲಾ ಬೋರ್ಡಲ್ಲೂ ಕೈ ಮಾತ್ರ ಇವಳೇ, ತನ್ನ ಎಡಗೈ ನೋಡ್ಕೊಂಡು ಬರೀತಿದ್ಲು. ನಾನು ಯಾರಿಗೂ ಹೇಳ್ಲಿಲ್ಲ."

 ಮಧ್ಯಾಹ್ನ ಇಬ್ಬರೂ ಶೆಡ್ಡಿನ ಬಾಗಿಲು ಹಾಕಿಕೊಳ್ಳುತ್ತಿದ್ದುದು ಬಣ್ಣದ ವಾಸನೆ ಮನೆಗೆ ಬಾರದಿರಲಿ ಎಂದು. ನನಗೆ ಹಾಗೆಂದೇ ಹೇಳಿದ್ದರು. 'ಏನು ಕೈ ಬರೀತೀಯಪ್ಪಾ' ಎಂದು ಊರವರು ಅಪ್ಪನನ್ನು ಹೊಗಳುವಾಗ ಅವರಿಗೆ ನೀರು ತಂದುಕೊಟ್ಟವಳು ಅಮ್ಮ. ಅಪ್ಪನ ಮೇಲೆ ಸಿಟ್ಟು ನೆತ್ತಿಗೇರಿತು. ಬಾಯಿ ಮುಚ್ಚಿಕೊಂಡಿದ್ದ ಅಮ್ಮನ ಮೇಲೂ.

ಅಧಿಕಾರಿ ಬೆರಳನ್ನೂ ಬೋರ್ಡನ್ನೂ ಮತ್ತೆ ಮತ್ತೆ ನೋಡಿದರು. "ಒಳಗೆ ಇನ್ನೆರಡು ಬೋರ್ಡಿದೆ. ಅದ್ರಲ್ಲೂ ಈ ಬೆರಳು ಹೀಗೇ ಇದೆ. ಬರೆದೋರ ತಪ್ಪು ಅಂತ ಪುಸ್ತಕದಲ್ಲಿ ದಾಖಲೆ ಮಾಡಿದ್ವಿ," ಎಂದವರ ಮುಖ ಸಣ್ಣಗಾಯಿತು. ಒಂದು ಅರ್ಜಿ ತರಿಸಿ ಅಪ್ಪನ ಕೈಗೆ ಕೊಟ್ಟರು. "ಕಲಾವಿದರ ಹೆಸರು ಬರೀರಿ."

ಅಪ್ಪ ಬೋರ್ಡಿನ ಅಕ್ಷರದಷ್ಟೇ ಗುಂಡಗೆ ಅಮ್ಮನ ಹೆಸರು ಬರೆದ. ಅದರ ಕೆಳಗೆ ತನ್ನದು. ನನ್ನ ಸಿಟ್ಟು ಇಳಿಯಿತು. ಪೂರ್ತಿ ಇಳಿಯಿತು ಅಂದರೆ ಸುಳ್ಳಾದೀತು.

ನಲವತ್ತು ನಿಮಿಷ ಹೋಗಿ ಎರಡು ಗಂಟೆ ಹೊತ್ತು ಕಳೆದಿತ್ತು. "ಅಮ್ಮಾ, ಏಳು. ಆಗ್ಲಿಂದ ಹೋಗೋಣ ಅಂತಿದ್ದೆಯಲ್ಲಾ," ಎಂದೆ.

ಅಮ್ಮ ಚೀಲವನ್ನು ಪಕ್ಕಕ್ಕಿಟ್ಟು, ಎಡಗೈಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಆರಾಮವಾಗಿ ಕೂತಳು. "ನೀವಿಬ್ರೂ ಉಳಿದಿದ್ದು ನೋಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ," ಎಂದಳು. "ಇದನ್ನ ನೋಡೋಕೆ ಬರೋರನ್ನ ಸ್ವಲ್ಪ ನೋಡ್ಬೇಕು."