ಜಟ್ಟೆಮ್ಮನ ಬಳೆ, ಮೋನಿಷಾಳ ‘ಬೇಡ’

ಊಟದ ಹೊತ್ತಾದ್ರೆ ಸಾಕು, ಹೊರಮಾವಿನ ನಮ್ಮ ವಠಾರದಲ್ಲಿ ಎಲ್ಲರ ಕಿವೀನೂ ಪಕ್ಕದ ರೂಮಿನ ಕಡೆಗೇ. ಆರು ವರ್ಷದ ಮೋನಿಷಾ ಕಿರುಚೋಳು, ತನ್ನ ಕೈ ತಾನೇ ಕಚ್ಕೊಳ್ಳೋಳು. ಅವಳಿಗೆ ಆಟಿಸಂ ಇದೆ, ಮಾತು ಬಂದಿಲ್ಲ. ಕಚ್ಚಿ ಕಚ್ಚಿ ಎಡಗೈ ಹುಣ್ಣಾಗಿತ್ತು. ದಿನಾ ಊಟ ಅರ್ಧಕ್ಕೇ ನಿಂತು ಮಗು ಸೊರಗಿ ಹೋಗಿತ್ತು.

ನಾನು ಆದಿಲಕ್ಷ್ಮಿ, ಅದೇ ವಠಾರದಲ್ಲಿ ಬ್ಲೌಸ್ ಹೊಲೀತೀನಿ. ಸ್ವಲ್ಪ ಬಾಯಿ ಜಾಸ್ತಿ, ಅದು ಎಲ್ಲರಿಗೂ ಗೊತ್ತು. ಮೋನಿಷಾಳ ಅಮ್ಮ ನಾಗರತ್ನಾ ಅಪಾರ್ಟ್‌ಮೆಂಟಿಗೆ ಅಡುಗೆ ಕೆಲಸಕ್ಕೆ ಹೋಗ್ತಾಳೆ. ಮಗುಗೆ ಉಣಿಸೋದೆಲ್ಲ ಅಜ್ಜಿ ಜಟ್ಟೆಮ್ಮ. ಕಲಬುರಗಿ ಕಡೆಯವರು, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಮೊಮ್ಮಗಳು ಅಂದ್ರೆ ಜೀವ.

ಒಂದಿನ ನಾಗರತ್ನಾ ಒಂದು ಟ್ಯಾಬ್ ತಂದ್ಲು. ಜೊತೆಗೆ ಸುಕನ್ಯ ಮೇಡಂ, ಮಾತಿನ ಥೆರಪಿ ಮಾಡೋರು. ಆಟಿಸಂ ಇರೋ ಮಕ್ಕಳಿಗೆ ಕನ್ನಡದಲ್ಲಿ ಮಾತಾಡೋ ಟ್ಯಾಬ್ ಎಷ್ಟು ಸಹಾಯ ಆಗತ್ತೆ ಅಂತ ಅವರ ಸೆಂಟರಲ್ಲಿ ಸಂಶೋಧನೆ ನಡೀತಿತ್ತು, ಅದಕ್ಕೆ ಮೋನಿಷಾಳನ್ನೂ ಸೇರಿಸ್ಕೊಂಡು ಟ್ಯಾಬ್ ಕೊಟ್ಟಿದ್ರು. ಚಿತ್ರ ಒತ್ತಿದ್ರೆ ಟ್ಯಾಬ್ ಹೇಳತ್ತೆ: ‘ನೀರು’, ‘ರೊಟ್ಟಿ’, ‘ಬೇಡ’.

ಜಟ್ಟೆಮ್ಮ ಮುಖ ಗಂಟು ಹಾಕಿದ್ರು. “ಮಷೀನೇ ಮಾತಾಡಿದ್ರ ಕೂಸು ಬಾಯಿ ಯಾಕ ತೆರೀತದ್ರಿ? ಬರೋ ಮಾತೂ ಒಳಗೇ ಉಳೀತದ.”

“ಎಲ್ಲರಿಗೂ ಅದೇ ಭಯ ಅಜ್ಜಿ,” ಅಂದ್ರು ಸುಕನ್ಯ. “ಆದ್ರೆ ಇದರ ಮೇಲೆ ಬೇಕಾದಷ್ಟು ಸಂಶೋಧನೆ ಆಗಿದೆ. ಇದರಿಂದ ಬಾಯಿಮಾತು ನಿಲ್ಲಲ್ಲ. ಕೆಲವು ಮಕ್ಕಳಿಗೆ ಮಾತು ಬರೋಕೂ ಸಹಾಯ ಆಗಿದೆ. ಬರದೇ ಇದ್ರೂ, ಮನಸ್ಸಲ್ಲಿರೋದನ್ನ ಹೇಳ್ಕೋಬೋದಲ್ಲ.”

“ಹಂಗಾದ್ರ ರೊಟ್ಟಿ, ನೀರು ಇರ್ಲಿ. ಆ ‘ಬ್ಯಾಡ’ ತೆಗೀರಿ. ಮೊದ್ಲೇ ಹಟಮಾರಿ, ಅದನ್ನೊಂದು ಕಲಿಸಿ ಕೊಡೋದೇನು?”

ನನಗೂ ಹೌದಲ್ವಾ ಅನ್ನಿಸ್ತು. ನಮ್ಮ ಮನೆಗಳಲ್ಲಿ ಹೆಣ್ಮಕ್ಕಳಿಗೆ ‘ಬೇಡ’ ಅನ್ನೋದನ್ನ ಯಾರು ಕಲಿಸ್ತಾರೆ ಹೇಳಿ.

ಸುಕನ್ಯ ಬಿಡ್ಲಿಲ್ಲ. “ಬೇಡ ಅನ್ನೋಕೆ ದಾರಿ ಇಲ್ದೇನೇ ಎಷ್ಟೋ ಮಕ್ಕಳು ಕಚ್ಕೊಳ್ಳೋದು. ಅವಳು ‘ಬೇಡ’ ಒತ್ತಿದ್ರೆ ತಕ್ಷಣ ನಿಲ್ಲಿಸಿ. ಆಮೇಲೆ ಏನು ಬೇಡ ಅಂತ ನೋಡಿ. ನೀವೂ ಮಾತಾಡ್ತಾ ಚಿತ್ರ ಒತ್ತಿ ತೋರಿಸ್ತಾ ಇರಿ, ನೋಡಿ ಕಲೀತಾಳೆ.”

ಕೆಲವು ವಾರ ಏನೂ ಆಗ್ಲಿಲ್ಲ. ನಾಗರತ್ನಾ ಒಬ್ಬಳೇ ಒತ್ತಿದ್ದೇ ಒತ್ತಿದ್ದು. ಜಟ್ಟೆಮ್ಮ ಮೂಗು ಮುರಿದಿದ್ದೇ ಮುರಿದಿದ್ದು.

ಒಂದು ಮಧ್ಯಾಹ್ನ ನಾನು ಹೊಲಿದ ಬ್ಲೌಸ್ ಕೊಡೋಕೆ ಹೋದೆ. ಅಜ್ಜಿ ಹಾಲಲ್ಲಿ ರೊಟ್ಟಿ ಮುರಿದು ಉಣಿಸ್ತಿದ್ರು. ಕಚ್ಕೊಳ್ಳೋಕೆ ಎತ್ತಿದ ಮಗುವಿನ ಕೈ ಅರ್ಧದಲ್ಲೇ ನಿಂತು ಟ್ಯಾಬ್ ಮೇಲೆ ಇಳೀತು.

‘ಬೇಡ.’

ಜಟ್ಟೆಮ್ಮ ತುತ್ತು ಹಿಂದಕ್ಕೆ ತಗೊಂಡ್ರು.

‘ರೊಟ್ಟಿ.’

ತುತ್ತು ಮತ್ತೆ ಮುಂದೆ ಬಂತು.

‘ಬೇಡ.’

“ನೋಡವ್ವ ಆದಿಲಕ್ಷ್ಮಿ, ಈ ಮಷೀನು ಕೂಸಿನ ತಲೀನೇ ಕೆಡಿಸ್ಯದ. ಬೇಕಂತದ, ಬ್ಯಾಡಂತದ.”

“ಸ್ವಲ್ಪ ತಡೀರಿ ಅಜ್ಜಿ,” ಅಂದೆ.

ಮೋನಿಷಾ ಅಜ್ಜಿಯ ಮುಂಗೈ ಹಿಡ್ಕೊಂಡ್ಲು. ಬಳೆಗಳು ಸದ್ದು ಮಾಡದ ಹಾಗೆ ಗಟ್ಟಿಯಾಗಿ ಅಮುಕಿ, ಮತ್ತೆ ‘ಬೇಡ’ ಒತ್ತಿದ್ಲು. ಆಮೇಲೆ ತಾನಾಗೇ ಬಾಯಿ ತೆರೆದ್ಲು.

ರೊಟ್ಟಿ ಬೇಕು, ಕಿವಿ ಹತ್ರ ಬಳೆ ಸದ್ದು ಬೇಡ. ಇಷ್ಟೇ. ನಮಗೆ ಲೆಕ್ಕಕ್ಕೇ ಇಲ್ಲದ ಸದ್ದು, ಇಂಥ ಕೆಲವು ಮಕ್ಕಳಿಗೆ ತಡ್ಕೊಳ್ಳೋಕೆ ಆಗಲ್ಲ.

ಜಟ್ಟೆಮ್ಮ ತಟ್ಟೆ ಕೆಳಗಿಟ್ಟು ಅತ್ತುಬಿಟ್ರು. “ನನ್ನ ಕೈಲೇ ಉಣಿಸ್ಕೋತ, ನಾನೇ ನೋಯಿಸ್ಕೋತ ಬಂದೀನಲ್ಲವ್ವ. ಪಾಪ, ಹ್ಯಾಂಗ ಹೇಳ್ಬೇಕಿತ್ತು ಅದು?”

ಮುತ್ತೈದೆಗೆ ಬಳೆ ತೆಗೀರಿ ಅನ್ನೋಕೆ ನನಗೇ ಬಾಯಿ ಬರ್ಲಿಲ್ಲ. ಮನೆಗೆ ಹೋಗಿ ಬ್ಲೌಸ್ ಪೀಸಿನ ತುಂಡಿಗೆ ಎಲಾಸ್ಟಿಕ್ ಹಾಕಿ ಒಂದು ಗವಸು ಹೊಲಿದು ತಂದೆ. ಈಗ ಊಟದ ಹೊತ್ತಿಗೆ ಅಜ್ಜಿ ಬಳೆ ಮೇಲೆ ಅದನ್ನ ಏರಿಸ್ಕೋತಾರೆ. ಕಿರುಚೋ ದಿನಗಳು ಈಗ್ಲೂ ಇವೆ, ಇಲ್ಲ ಅನ್ನಲ್ಲ. ಆದ್ರೆ ಮೋನಿಷಾಳ ಕೈ ವಾಸಿಯಾಗಿದೆ, ತಟ್ಟೆ ಖಾಲಿ ಆಗತ್ತೆ. ಮೊನ್ನೆ ಅಜ್ಜಿ ಮುದ್ದು ಕೊಡೋಕೆ ಹೋದ್ರೆ ಟ್ಯಾಬ್ ‘ಬೇಡ’ ಅಂತು. ಜಟ್ಟೆಮ್ಮ ಹಿಂದೆ ಸರಿದು, ವಠಾರಕ್ಕೆಲ್ಲ ಕೇಳೋ ಹಾಗೆ ಅಂದ್ರು: “ಕೇಳಿದ್ರೇನು? ನಮ್ಮ ಕೂಸು ಬ್ಯಾಡ ಅಂತು.”

ನಿಮ್ಮನೇಲೋ ಬೀದೀಲೋ ಮಾತು ಬಾರದ ಮಗು ಇದ್ರೆ, ದೊಡ್ಡದಾದ ಮೇಲೆ ಬರತ್ತೆ ಅಂತ ಕಾಯ್ತಾ ಕೂರಬೇಡಿ. ಸರ್ಕಾರಿ ಆಸ್ಪತ್ರೇಲಿ ವಿಚಾರಿಸಿ, ಮಾತಿನ ಥೆರಪಿ ಮಾಡೋರಿಗೆ ತೋರಿಸಿ. ಟ್ಯಾಬ್ ಇಲ್ದಿದ್ರೆ ರಟ್ಟಿನ ಮೇಲೆ ಅಂಟಿಸಿದ ಚಿತ್ರದಿಂದ್ಲೂ ಶುರು ಮಾಡ್ಬೋದು. ಸಿಟ್ಟು ಬಂದಾಗ ಅದನ್ನ ಕಿತ್ಕೋಬೇಡಿ, ಅದು ಆ ಮಗುವಿನ ಬಾಯಿ. ಚಿತ್ರಗಳ ಜೊತೆ ‘ಬೇಡ’ ಅನ್ನೋದೂ ಇರ್ಲಿ. ಮಗು ಅದನ್ನ ಒತ್ತಿದ ದಿನ, ನಿಮ್ಮ ಕೈ ನಿಲ್ಲಿಸಿ.