ಹೊಲಿಗೆ ಕಾಣಬಾರದು

ಕಾಜಾ ಅಕ್ಕನ ಕಾಲು ಆ ಬೆಳಿಗ್ಗೆ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಂಟಕ್ಕೆ ಹೊರಟರೆ ಸಾಕಾಗಿದ್ದ ಕಾರ್ಯಕ್ರಮಕ್ಕೆ ಆರೂವರೆಗೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಅಂಗಿಯ ಗುಂಡಿತೂತಿಗೆ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ಬೀದಿಯವರು ಅವಳಿಗಿಟ್ಟ ಹೆಸರದು. ಬೇಸರವೇನಿಲ್ಲ, ಒಳಗೊಳಗೇ ಹೆಮ್ಮೆ. ಗಂಡ ಟೈಲರ್ ಮಾಸ್ತರು. ನಲವತ್ತು ವರ್ಷ ಅವರು ಟೇಪು ಹಿಡಿದು ಅಳತೆ ಕೂಗಿದ್ದಾರೆ, ಇವಳು ಬರೆದುಕೊಂಡಿದ್ದಾಳೆ. ಅವರು ಕತ್ತರಿಸಿದ್ದಾರೆ, ಇವಳು ಹೊಲಿದಿದ್ದಾಳೆ. ಅಷ್ಟೂ ವರ್ಷಗಳಲ್ಲಿ ಆ ಮನುಷ್ಯನ ಬಾಯಿಂದ 'ಚೆನ್ನಾಗಿದೆ' ಎಂಬ ಒಂದು ಮಾತು ಉದುರಿದ್ದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು, "ಹೊಲಿಗೆ ಕಾಣಬಾರದು" ಎನ್ನುವುದು, ಪಕ್ಕಕ್ಕಿಡುವುದು. ಬಿಚ್ಚಿ ಮತ್ತೆ ಹೊಲಿ ಎನ್ನದಿದ್ದರೆ ಅದನ್ನೇ ಶಹಬ್ಬಾಸ್ ಎಂದು ಇವಳು ತಿಳಿದುಕೊಳ್ಳಬೇಕು.

ಆರು ವರ್ಷದ ಹಿಂದೆ ಮಾಸ್ತರ ಬಲಗೈಯ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ತಾವೇ ದಾರ ಹೊಸೆಯತೊಡಗಿದವು. ಬೆರಳ ನಡುವೆ ದಾರವೇ ಇರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಎಂದರು ಡಾಕ್ಟರು. ಮೊದಲು ಕೈ ಹೋಯಿತು, ಆಮೇಲೆ ದನಿ ತಗ್ಗಿ ಪಿಸುಮಾತಾಯಿತು, ಆಮೇಲೆ ನಗು ಎಷ್ಟು ನಿಧಾನವಾಯಿತೆಂದರೆ ಅದು ಮುಖಕ್ಕೆ ಬರುವಷ್ಟರಲ್ಲಿ ತಮಾಷೆ ಮಾಡಿದವರು ಮನೆ ಸೇರಿರುತ್ತಿದ್ದರು. ಕಡೆಗೆ ಕಾಲಿನ ಸರದಿ. ಸರಾಗವಾಗಿ ನಡೆಯುತ್ತಿದ್ದವರು ಬಾಗಿಲೋ ಗೇಟೋ ಎದುರಾದರೆ ಸಾಕು, ಅಂಗಾಲಿಗೆ ಯಾರೋ ಅಂಟು ಬಳಿದ ಹಾಗೆ ನಿಂತುಬಿಡುತ್ತಿದ್ದರು. ಮನಸ್ಸು ಮುಂದೆ ಹೋಗು ಎನ್ನುತ್ತದೆ, ಕಾಲು ಕೇಳುವುದಿಲ್ಲ.

ಈ ಕಾಯಿಲೆಯವರಿಗೆಂದೇ ಊರಿನಲ್ಲಿ ಒಂದು ಸಂಘವಿತ್ತು. ವರ್ಷವಿಡೀ ಶಾಲೆ, ಕಚೇರಿ, ಬಸ್ ನಿಲ್ದಾಣ ಎಂದು ಕರಪತ್ರ ಹಂಚಿ, 'ನಡುಗುವವರೆಲ್ಲ ಕುಡಿದವರಲ್ಲ' ಎಂದು ಜನರಿಗೆ ತಿಳಿಸಿ, ವರ್ಷಕ್ಕೊಮ್ಮೆ ದೊಡ್ಡ ನಡಿಗೆ ಏರ್ಪಡಿಸಿ, ಕೂಡಿಬಂದ ಹಣವನ್ನೆಲ್ಲ ಸಂಶೋಧನೆಗೆ ಕೊಡುವುದು ಅದರ ಕೆಲಸ. ಕಾರ್ಯದರ್ಶಿ ನಿವೃತ್ತ ರೈಲ್ವೆ ಗಾರ್ಡು. ಹೆಂಡತಿಯನ್ನು ಹನ್ನೊಂದು ವರ್ಷ ಇದೇ ಕಾಯಿಲೆಯಲ್ಲಿ ನೋಡಿಕೊಂಡು ಕಳೆದುಕೊಂಡವರು. ಕೊರಳಲ್ಲಿ ಈಗಲೂ ಸೀಟಿ. ಸಭೆಗೆ ಯಾರಾದರೂ ಎರಡು ನಿಮಿಷ ತಡವಾಗಿ ಬಂದರೆ ಗಾಡಿ ತಪ್ಪಿಸಿಕೊಂಡವರನ್ನು ನೋಡುವಂತೆ ನೋಡುತ್ತಿದ್ದರು.

ಹೋದ ವರ್ಷದ ನಡಿಗೆಯಲ್ಲಿ ಮಾಸ್ತರು ಸಭಾಭವನದ ಗೇಟಿನಲ್ಲೇ ನಿಂತುಬಿಟ್ಟರು. ಹಿಂದೆ ಇನ್ನೂರು ಜನ. ರಸ್ತೆಯಲ್ಲಿ ಹೋಗುತ್ತಿದ್ದ ಯಾವನೋ ಒಬ್ಬ, ಬೆಳಿಗ್ಗೆ ಬೆಳಿಗ್ಗೆಯೇ ಏರಿಸಿಕೊಂಡು ಬಂದಿದ್ದಾನೆ ಎಂದ. ಅವನ ನಾಲಿಗೆಗೆ ಗುಂಡಿ ಹೊಲಿಯಬೇಕು ಅನ್ನಿಸಿತ್ತು ಕಾಜಾ ಅಕ್ಕನಿಗೆ. ಕೊನೆಗೆ ಮಾಸ್ತರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ಅವರು ಮನೆಯ ಹೊಸ್ತಿಲು ದಾಟಿಲ್ಲ. ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇದ್ದದ್ದರಿಂದ ದಾಟುವ ಅಗತ್ಯವೂ ಬೀಳಲಿಲ್ಲ.

ಈ ವರ್ಷದ ನಡಿಗೆಗೆ ಸಂಘದವರು ಅವರನ್ನೇ ಮುಖ್ಯ ಅತಿಥಿ ಮಾಡಿದರು. ಸುಮ್ಮನೆ ಮಾಡಿದ್ದಲ್ಲ. ಕಾಲು ಹೀಗೆ ಹೂತುಹೋಗುವುದು ಏಕೆ ಎಂದು ಅಭ್ಯಾಸ ಮಾಡುತ್ತಿದ್ದ ಒಬ್ಬ ಸಂಶೋಧಕಿ, ರೋಗಿಗಳ ಹೆಜ್ಜೆ ದಾಖಲಿಸಲು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಕಣಕಾಲಿಗೆ ಕಟ್ಟುತ್ತಿದ್ದಳು. ಅದರ ಪಟ್ಟಿ ನಾಲ್ಕು ಹೆಜ್ಜೆಗೆ ಜಾರಿ ಪಾದದ ಮೇಲೆ ಬೀಳುತ್ತಿತ್ತು. ಮಾಸ್ತರು ಕೂತಲ್ಲೇ ಹೊಸ ಪಟ್ಟಿ ಯೋಚಿಸಿದರು, ಕಾಜಾ ಅಕ್ಕ ಎಂಬತ್ತು ಹೊಲಿದುಕೊಟ್ಟಳು. ಒಂದೂ ಜಾರಲಿಲ್ಲ. ಮುಖ್ಯ ಅತಿಥಿಯಾಗಲು ಅವರು ಒಪ್ಪಿದ್ದು ಮಾತ್ರ ಒಂದೇ ಷರತ್ತಿನ ಮೇಲೆ.

"ಗೇಟಿಂದ ವೇದಿಕೆಗೆ ನನ್ನ ಕಾಲಲ್ಲಿ ನಾನು ಹೋಗ್ತೀನಿ. ಆಗಲಿಲ್ಲ ಅಂದ್ರೆ ಇನ್ನು ಮೇಲೆ ನನ್ನನ್ನ ಎಲ್ಲಿಗೂ ಕರೀಬೇಡ."

ಹೇಳಿದರೆ ಹೇಳಿದ್ದೇ, ಅವರ ಸ್ವಭಾವ ಅವಳಿಗೆ ಗೊತ್ತಿಲ್ಲವೇ. ಆದರೂ ಅವಳು ಹೆದರಲಿಲ್ಲ. ಕಣ್ಣಿಗೆ ದಾಟಲು ಒಂದು ಗೆರೆ ಸಿಕ್ಕರೆ ಕಾಲು ಏಳುತ್ತದೆ ಎಂದು ವ್ಯಾಯಾಮ ಹೇಳಿಕೊಡಲು ಮನೆಗೆ ಬರುತ್ತಿದ್ದವಳು ತೋರಿಸಿದ್ದಳು. ಅಂಗಡಿಯ ನೆಲದ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದದ್ದೇ ತಡ, ಮಾಸ್ತರು ಒಂದೊಂದನ್ನೇ ದಾಟುತ್ತ ಗೋಡೆ ಮುಟ್ಟಿ ಬರುತ್ತಿದ್ದರು. ಸಭಾಭವನದ ಅಂಗಳಕ್ಕೆ ಕಲ್ಲುಚಪ್ಪಡಿ ಹಾಸಿತ್ತು. ಕಾಜಾ ಅಕ್ಕ ಸ್ವತಃ ಹೋಗಿ ಟೇಪು ಹಿಡಿದು ನೋಡಿ ಬಂದಳು: ಗೇಟಿನಿಂದ ವೇದಿಕೆಗೆ ನಲವತ್ತು ಕಲ್ಲು, ಒಂದೊಂದೂ ಹದಿನೆಂಟು ಇಂಚು, ನಡುವೆ ಒಳ್ಳೆಯ ಕಪ್ಪು ಗೆರೆ. ಹೇಳಿ ಮಾಡಿಸಿದ ಹಾಗಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಇವಳನ್ನು ಕಾಜಾ ಅಕ್ಕ ಎಂದು ಯಾರು ಕರೆಯುತ್ತಿದ್ದರು? ಮುಖ್ಯ ಅತಿಥಿ ಬರಿಯ ಕಲ್ಲಿನ ಮೇಲೆ ನಡೆಯುವುದೇ ಎಂದು ಅವಳ ಮನಸ್ಸಿಗೆ ಹೊಕ್ಕಿತು. ಯಾರೋ ಪರದೆಗೆಂದು ತರಿಸಿ ಬೇಡವೆಂದ ದಪ್ಪ ಕೆಂಪು ಬಟ್ಟೆ ಅಂಗಡಿಯಲ್ಲೇ ಬಿದ್ದಿತ್ತು. ಗಂಡ ಮಲಗಿದ ಮಧ್ಯಾಹ್ನಗಳಲ್ಲಿ ಐದು ತುಂಡು ಜೋಡಿಸಿ ಅರವತ್ತಡಿ ಉದ್ದದ ಹಾಸು ಹೊಲಿದಳು. ಪ್ರತಿ ಜೋಡಣೆಯನ್ನೂ ಒಳಗಿನಿಂದ ಹೊಲಿದು, ಇಸ್ತ್ರಿ ಹಾಕಿ, ಉಗುರಿನಿಂದ ತೀಡಿ, ತಾನೇ ಹುಡುಕಿದರೂ ಸಿಗದಂತೆ ಮಾಡಿದಳು. ನೋಡಲಿ ಈ ಸಲ, ಏನು ಹೇಳುತ್ತಾರೋ ನೋಡೇಬಿಡುತ್ತೇನೆ ಎಂದುಕೊಂಡು ಹಿಂದಿನ ದಿನವೇ ಗುಟ್ಟಾಗಿ ಕಾರ್ಯದರ್ಶಿಗೆ ತಲುಪಿಸಿದಳು.

ಸಭಾಭವನದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಒಂದೇ ಬಣ್ಣದ ಅಂಗಿ ತೊಟ್ಟವರು, ಊರುಗೋಲಿನವರು, ಗಾಲಿಕುರ್ಚಿಯವರು, ಅವರ ಮಕ್ಕಳು ಮೊಮ್ಮಕ್ಕಳು. ರೋಗಿಗಳೆಲ್ಲರ ಕಣಕಾಲಿನಲ್ಲೂ ತಾನು ಹೊಲಿದ ಪಟ್ಟಿ ಕಂಡು ಕಾಜಾ ಅಕ್ಕನ ಎದೆ ಉಬ್ಬಿತು. ಮಾಸ್ತರು ಕೋಟು ತೊಟ್ಟು, ಕಣಕಾಲಿಗೆ ಅದೇ ಪಟ್ಟಿಯಲ್ಲಿ ಯಂತ್ರ ಕಟ್ಟಿಕೊಂಡು, ಕೊರಳಿಗೆ ಎಂದಿನ ಟೇಪು ಇಳಿಬಿಟ್ಟು ಕಾರಿನಿಂದ ಇಳಿದರು. ಕಾರು ಓಡಿಸಿಕೊಂಡು ಬಂದ ಮೈದುನ ಹಿಂದೆಯೇ ಒಂದು ಮಡಿಸುವ ಕುರ್ಚಿ ಹಿಡಿದು ಬಂದ. ಕಾರ್ಯದರ್ಶಿ ಸೀಟಿ ಊದಿದರು. ಜನ ದಾರಿ ಬಿಟ್ಟರು.

ಮನೆಯ ಹೊಸ್ತಿಲನ್ನು ಸೀಮೆಸುಣ್ಣದ ಗೆರೆ ನೋಡಿ ದಾಟಿದ್ದವರು ಗೇಟಿನ ತನಕವೂ ಚೆನ್ನಾಗಿಯೇ ನಡೆದರು. ಕೆಂಪು ಹಾಸು ಶುರುವಾಗುವಲ್ಲಿ ನಿಂತರು.

ಬಲಹಿಮ್ಮಡಿ ಗಡಗಡ ನಡುಗಿತು, ಪಾದ ಏಳಲಿಲ್ಲ. ಕೈತಟ್ಟುತ್ತಿದ್ದವರ ಕೈ ಒಂದೊಂದೇ ನಿಂತವು. ಅತ್ತಿಗೆ, ಕುರ್ಚಿ ಬಿಡಿಸಲೇ ಎಂದು ಮೈದುನ ಮೆಲ್ಲಗೆ ಕೇಳಿದ. ಅವಳು ತಿರುಗಿ ನೋಡಿದ ನೋಟಕ್ಕೆ ಕುರ್ಚಿಯ ಜೊತೆ ಅವನೂ ಮಡಿಸಿಕೊಂಡ. ಮಾಸ್ತರ ತುಟಿ ಅಲುಗುತ್ತಿತ್ತು. ಅವಳು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದಳು.

"ಯಾರು ಹೊಲಿದಿದ್ದು ಇದು?"

"ನಾನೇ ರೀ."

"ಎಷ್ಟು ಜಾಯಿಂಟು?"

"ನಾಲ್ಕು."

ಅವರು ಹಾಸಿನ ಉದ್ದಕ್ಕೂ ಕಣ್ಣು ಹಾಯಿಸಿದರು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಾಗಿನ ಅದೇ ಕಣ್ಣು.

"ಒಂದೂ ಕಾಣಿಸ್ತಿಲ್ಲ," ಎಂದರು. "ಚೆನ್ನಾಗಿದೆ."

ನಲವತ್ತು ವರ್ಷ ಕಾದಿದ್ದ ಮಾತು. ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಮರುಕ್ಷಣ ಆ ಮಾತಿನ ಅರ್ಥ ಹೊಳೆಯಿತು. ಒಂದೂ ಕಾಣಿಸುತ್ತಿಲ್ಲ! ಗೇಟಿನಿಂದ ವೇದಿಕೆಯವರೆಗೆ ಕಣ್ಣಿಗೆ ದಾಟಲು ಒಂದೇ ಒಂದು ಗೆರೆ ಇಲ್ಲ. ನಲವತ್ತು ಕಲ್ಲನ್ನೂ ತನ್ನ ಕೈಯಾರೆ ಮುಚ್ಚಿ, ಮೇಲೆ ಇಸ್ತ್ರಿ ಬೇರೆ ಹಾಕಿದ್ದಳು.

ಹಾಸನ್ನು ಎಳೆದು ತೆಗೆಯೋಣವೆಂದರೆ ಇಕ್ಕೆಲದ ಅಂಚುಗಳ ಮೇಲೆ ಉದ್ದಕ್ಕೂ ಕುರ್ಚಿ ಹಾಕಿ ಜನ ಕೂತಿದ್ದರು. ಅವಳು ಯೋಚಿಸುತ್ತ ನಿಲ್ಲಲಿಲ್ಲ. ಗಂಡನ ಕೋಟಿನ ಜೇಬಿಗೆ ಕೈ ಹಾಕಿದಳು. ಆ ಜೇಬಿನಲ್ಲಿ ಸೀಮೆಸುಣ್ಣ ಇಲ್ಲದ ದಿನ ಅವಳು ಕಂಡಿಲ್ಲ, ಇವತ್ತೂ ಇತ್ತು. ಇನ್ನೂರು ಜನರ ಮುಂದೆ ಮಂಡಿಯೂರಿ ಕೂತು, ನಾಲ್ಕು ದಿನ ಕಣ್ಣಲ್ಲಿ ಕಣ್ಣಿಟ್ಟು ಹೊಲಿದ ಹೊಸ ಬಟ್ಟೆಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಬಿಳಿಗೆರೆ ಎಳೆದಳು. ಕಾರ್ಯದರ್ಶಿ, ಅಯ್ಯೋ ಬಟ್ಟೆ ಹಾಳಾಯಿತಲ್ಲ ಎಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

ಎರಡನೆಯ ಗೆರೆಗೆ ಕೈ ಚಾಚುವಾಗ ಅವಳ ಕಣ್ಣ ಮುಂದೆ ಟೇಪಿನ ತುದಿ ಇಳಿದು ಬಂತು. ಮೇಲೆ ನೋಡಿದಳು. ಮಾಸ್ತರು ಕೊರಳಿನಿಂದ ಟೇಪು ತೆಗೆದು ಒಂದು ತುದಿ ತಾವು ಹಿಡಿದಿದ್ದರು.

"ಅಂದಾಜಿಗೆ ಹಾಕಬೇಡ. ಹದಿನೆಂಟು."

ಅವಳು ಹಿಡಿದಳು, ಗುರುತು ಹಾಕಿದಳು, ಎಳೆದಳು. ಅವರ ಬಲಗಾಲು ಎದ್ದಿತು. ಗೆರೆಯ ಆಚೆಗೆ ಇಳಿಯಿತು.

"ಹದಿನೆಂಟು," ಎಂದರು ಮತ್ತೆ. ಎಡಗಾಲು. "ಹದಿನೆಂಟು." ಅಂಗಡಿಯಲ್ಲಿ ಅಳತೆ ಕೂಗುತ್ತಿದ್ದ ಹಳೆಯ ದನಿ ಎಷ್ಟೋ ವರ್ಷದ ಮೇಲೆ ಎಲ್ಲಿಂದಲೋ ಮೇಲೆದ್ದು ಬಂತು, ಐದನೆಯ ಗೆರೆಗೆ ಮುಂದಿನ ಸಾಲಿನವರಿಗೆ ಕೇಳಿಸಿತು, ಹತ್ತನೆಯದಕ್ಕೆ ಗೇಟಿನಾಚೆಗೂ. ಯಾರು ಶುರುಮಾಡಿದರೋ, ಇನ್ನೂರು ಜನವೂ ಹದಿನೆಂಟು, ಹದಿನೆಂಟು ಎಂದು ಕೂಗತೊಡಗಿದರು. ಕಾರ್ಯದರ್ಶಿ ಹೆಜ್ಜೆಗೊಂದರಂತೆ ಸೀಟಿ ಊದಿದರು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ತಾಳ ತಪ್ಪಲಿಲ್ಲ. ಪಕ್ಕದಲ್ಲೇ ಹಿಂದುಹಿಂದಕ್ಕೆ ನಡೆಯುತ್ತಿದ್ದ ಸಂಶೋಧಕಿ ಮಾಸ್ತರ ಹೆಜ್ಜೆ ಮೂಡುತ್ತಿದ್ದ ಮೊಬೈಲಿನ ಪರದೆಯನ್ನು ಕಂಡ ಕಂಡವರಿಗೆಲ್ಲ ತೋರಿಸಿದಳು: ನೋಡಿ, ಇಲ್ಲಿ ಕಾಲು ನಿಂತಿದ್ದು, ಇಲ್ಲಿ ಮೊದಲ ಗೆರೆ ಬಿದ್ದಿದ್ದು, ಇಲ್ಲಿಂದ ಎಲ್ಲ ಸರಾಗ. ಕಾಜಾ ಅಕ್ಕನ ಮಂಡಿ ಉರಿಯುತ್ತಿತ್ತು, ಸೀಮೆಸುಣ್ಣ ಸವೆದು ಉಗುರಿನಷ್ಟಾಗಿತ್ತು. ನಿಲ್ಲಿಸು ಎಂದು ದೇವರೇ ಬಂದು ಹೇಳಿದ್ದರೂ ಅವಳು ನಿಲ್ಲಿಸುತ್ತಿರಲಿಲ್ಲ. ಹಿಂದೆ ತಿರುಗಿ ನೋಡಿದರೆ ಊರುಗೋಲಿನವರೆಲ್ಲ ಸಾಲಾಗಿ ಅದೇ ಗೆರೆಗಳನ್ನು ದಾಟಿ ಬರುತ್ತಿದ್ದರು.

ನಲವತ್ತನೆಯ ಗೆರೆಯ ಆಚೆ ವೇದಿಕೆ. ಮಾಸ್ತರು ಹತ್ತಿದರು.

ಕಾರ್ಯದರ್ಶಿ ಧ್ವನಿವರ್ಧಕವನ್ನು ಅವರ ಬಾಯಿಗೆ ಹಿಡಿದರು. ಅವಳೇ ಬರೆದುಕೊಟ್ಟ ಎರಡು ಪುಟದ ಭಾಷಣ ಅವರ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಮೈಕೈಯೆಲ್ಲ ಬಿಳಿ ಮಾಡಿಕೊಂಡು ಕೆಳಗೆ ಕೂತಿದ್ದ ಹೆಂಡತಿಯನ್ನು ಹುಡುಕಿ ನೋಡಿದರು.

"ಮುಂದಿನ ವರ್ಷ ಹೊಲಿಗೆ ಕಾಣೋ ಹಾಗೆ ಹೊಲಿ," ಎಂದರು.

ಮುಂದಿನ ವರ್ಷ. ಅವಳು ಆ ಎರಡು ಪದವನ್ನು ಹಿಡಿದುಕೊಂಡು ಕೂತಲ್ಲಿಂದಲೇ, ಅಂಗಡಿಯಲ್ಲಿ ಕೇಳುವಂತೆ ಗಟ್ಟಿಯಾಗಿ ಕೇಳಿದಳು.

"ದಾರ ಯಾವ ಬಣ್ಣ ರೀ?"

ಮಾಸ್ತರ ಮುಖಕ್ಕೆ ನಗು ಬರಲು ಹೊತ್ತು ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ, ಇನ್ನೂರು ಜನವೂ ಕಾದರು. ಅದು ಪೂರ್ತಿ ಬಂದ ಮೇಲೆ ಅವರು ಹೇಳಿದರು.

"ಬಿಳಿ."